ಅರೆತಲೆನೋವಿಗೆ ಬರೀ ಪಿತ್ತವೇ ಕಾರಣವೇ? ಥೈರಾಯ್ಡ್ ಕಡೆಗೂ ಗಮನವಿರಲಿ

ಬಾರಾಮತಿ: ತಲೆಯ ಒಂದು ಪಕ್ಕ ಸಿಡಿಯುವುದು, ವಾಂತಿ ಬರುವುದು, ಬೆಳಕು ಕಂಡರಾಗದಿರುವುದು. ಕನ್ನಡಿಗರು ಅರೆತಲೆನೋವು ಎನ್ನುವ ಈ ಮೈಗ್ರೇನನ್ನು ಬಾರಾಮತಿಯ ಮರಾಠಿ ನೆರೆಹೊರೆಯವರು 'ಅರ್ಧಶಿಶಿ' ಎನ್ನುತ್ತಾರೆ. ಹೆಸರು ಬೇರೆಯಾದರೂ ಎರಡೂ ಕಡೆಯವರು ಹೇಳುವ ಕಾರಣ ಒಂದೇ, ಪಿತ್ತ! ಬಾಮ್ ತಿಕ್ಕಿ, ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಮಲಗಿ ಎದ್ದರೆ ಚಿಕಿತ್ಸೆ ಮುಗಿಯಿತು ಎಂಬ ಭಾವನೆ ಇಂದಿಗೂ ಅನೇಕ ಮನೆಗಳಲ್ಲಿದೆ.

ಪದೇ ಪದೇ ತಲೆನೋಯುವವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ತುಸು ಮಂದವಾಗಿರುವುದೂ ಉಂಟು. ರಕ್ತದಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿ, ಟಿ4 ಸರಿಯಾಗಿಯೇ ಇದ್ದರೆ ಅದು ಸೌಮ್ಯ ಕೊರತೆ. ಮುಂಬಯಿ, ಬೆಂಗಳೂರು ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇ. 8ರಷ್ಟು ವಯಸ್ಕರಿಗೆ ಇದು ಕಂಡುಬಂದಿತ್ತು. ಅಮೆರಿಕದ ಓಹಾಯೋದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವು, ಮೈಗ್ರೇನ್ ಇದ್ದವರಿಗೆ ಮುಂದೆ ಥೈರಾಯ್ಡ್ ಕೊರತೆ ಬರುವ ಸಂಭವ ಇತರರಿಗಿಂತ ಶೇ. 41ರಷ್ಟು ಹೆಚ್ಚು ಎಂದಿತು. (ನೂರರಲ್ಲಿ 41 ಮಂದಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ.) ಎರಡೂ ತೊಂದರೆಗಳು ಮಹಿಳೆಯರಲ್ಲೇ ಅಧಿಕ ಎಂಬುದು ಗಮನಾರ್ಹ.

ಹಾಗೆಂದು ಟಿಎಸ್‌ಎಚ್ 6 ಎಂದು ಬಂದ ಕೂಡಲೇ 'ರೋಗ ಸಿಕ್ಕಿತು' ಎಂದು ಮೈಗ್ರೇನ್ ಔಷಧಿ ಬಿಟ್ಟು ಥೈರಾಯ್ಡ್ ಮಾತ್ರೆಯನ್ನೇ ನೆಚ್ಚುವುದು ತಪ್ಪು. ಟಿಎಸ್‌ಎಚ್ 10 ದಾಟಿದವರಿಗೆ ಸಾಮಾನ್ಯವಾಗಿ ಥೈರಾಯ್ಡ್ ಮಾತ್ರೆ ಕೊಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ವಯಸ್ಸು, ಗರ್ಭಧಾರಣೆಯ ಯೋಚನೆ, ಇತರ ಲಕ್ಷಣ ನೋಡಿ ವೈದ್ಯರೇ ನಿರ್ಧರಿಸಬೇಕು. ಕೆಲವು ಸಣ್ಣ ಅಧ್ಯಯನಗಳಲ್ಲಿ ಈ ಮಾತ್ರೆಯಿಂದ ತಲೆನೋವು ಇಳಿದದ್ದು ನಿಜ. ಆದರೆ 65 ದಾಟಿದವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸೌಮ್ಯ ಕೊರತೆಯ ಸುಸ್ತು ಮುಂತಾದ ಲಕ್ಷಣಗಳು ಮಾತ್ರೆಯಿಂದ ಕಡಿಮೆಯಾಗಲಿಲ್ಲ. ಪ್ರಮಾಣ ಹೆಚ್ಚಾದರೆ ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ.

ಇನ್ನೊಂದು ತೊಡಕೂ ಇದೆ. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನೊಲಾಲ್ ಎದೆಬಡಿತವನ್ನು ಇಳಿಸುವುದರಿಂದ, ಥೈರಾಯ್ಡ್ ಮಾತ್ರೆ ಹೆಚ್ಚಾದ ಸುಳಿವೇ ಮುಚ್ಚಿಹೋಗಬಹುದು. ವಾಲ್‌ಪ್ರೊಯೇಟ್ ಸೇವಿಸುವವರಲ್ಲಿ ಟಿಎಸ್‌ಎಚ್ ಏರುವುದುಂಟು. ಆದ್ದರಿಂದ ತಲೆನೋವಿನ ವೈದ್ಯರು ಥೈರಾಯ್ಡ್ ರಿಪೋರ್ಟನ್ನೂ, ಥೈರಾಯ್ಡ್ ವೈದ್ಯರು ತಲೆನೋವಿನ ಚೀಟಿಯನ್ನೂ ನೋಡಲೇಬೇಕು.

ವಲಸೆ ಬಂದವರ ಪಾಲಿಗೆ ಇದೇ ಕಷ್ಟ. ರಿಪೋರ್ಟ್ ವಿಜಯಪುರದ ತವರುಮನೆಯ ಕಪಾಟಿನಲ್ಲಿ, ಮಾತ್ರೆ ಚೀಟಿ ಬಾರಾಮತಿಯಲ್ಲಿ! ವೈದ್ಯರು ಮರಾಠಿಯಲ್ಲಿ ಕೇಳಿದ್ದಕ್ಕೆ ಗಂಡನೋ ಮಗನೋ ಉತ್ತರಿಸುತ್ತಾನೆ. ಮುಟ್ಟಿನ ಏರುಪೇರು, ಮಲಬದ್ಧತೆಯಂಥ ಮಾತುಗಳನ್ನು ಅವರ ಮುಂದೆ ಹೇಳಲು ಹೆಂಗಸರಿಗೆ ಸಂಕೋಚ. ಥೈರಾಯ್ಡ್ ಪತ್ತೆಗೆ ಬೇಕಾಗುವುದು ಅಂಥ ಮಾತುಗಳೇ.

ಕನ್ನಡ ಸಂಘಗಳ ಆರೋಗ್ಯ ಶಿಬಿರಗಳು ಸಾಮಾನ್ಯವಾಗಿ ರಕ್ತದೊತ್ತಡ, ಸಕ್ಕರೆ, ಕಣ್ಣಿನ ತಪಾಸಣೆಗೆ ಮುಗಿಯುತ್ತವೆ. ಎಲ್ಲರಿಗೂ ಟಿಎಸ್‌ಎಚ್ ಮಾಡಿಸುವ ಅಗತ್ಯವಿಲ್ಲ. ತಲೆನೋವಿನ ಜೊತೆಗೆ ಸುಸ್ತು, ತೂಕ ಏರಿಕೆ, ಚಳಿ ತಡೆಯದಿರುವುದು ಇದ್ದವರನ್ನು ಗುರುತಿಸಿ, ಎರಡೂ ಭಾಷೆ ಬಲ್ಲ ಮಹಿಳಾ ವಿಭಾಗದ ಸದಸ್ಯೆಯೊಬ್ಬರು ಆಸ್ಪತ್ರೆಗೆ ಜೊತೆಗೆ ಹೋದರೆ, ಅದು ಶಾಲು ಹೊದೆಸುವ ಸನ್ಮಾನಕ್ಕಿಂತ ದೊಡ್ಡ ಸೇವೆಯಾದೀತು. 2019ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಊರಿನಲ್ಲಿ ಇದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ತಲೆನೋವು ಬಂದ ದಿನ, ಮಾತ್ರೆ ನುಂಗಿದ ದಿನ ಗುರುತಿಸಿಡಬಹುದು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ ತಲುಪಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ವೈದ್ಯರ ಬಳಿ ಹೋಗುವಾಗ ಹಳೆಯ ರಿಪೋರ್ಟಿನೊಂದಿಗೆ ಆ ಕ್ಯಾಲೆಂಡರ್ ಹಾಳೆಯೂ ಚೀಲದಲ್ಲಿರಲಿ.