ಹಡಗಿನ ಪಟ್ಟಿಯಲ್ಲಿ ಮುತ್ತಜ್ಜ

1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು 1876-78ರ ಭೀಕರ ಬರ. ಆಗ ಮನೆ ಬಿಟ್ಟು ಮರಳದವರೆಲ್ಲ ಸತ್ತೇಹೋದರು ಎನ್ನಲಾಗದು. ಆ ಕಾಲದಲ್ಲಿ ಕೂಲಿ ಕರಾರಿಗೆ ಒಪ್ಪಿ ಮದರಾಸಿನಲ್ಲಿ ಹಡಗು ಹತ್ತಿದವರೂ ಉಂಟು.

ಅಂಥ ಕೂಲಿಗಳ ಮೊದಲ ಹಡಗು ‘ಟ್ರೂರೊ’ 342 ಮಂದಿಯೊಡನೆ ದಕ್ಷಿಣ ಆಫ್ರಿಕಾದ ನೆಟಾಲನ್ನು 1860ರ ನವೆಂಬರ್ 16ರಂದು ತಲುಪಿತು. 1911ರವರೆಗೆ ಮದರಾಸು, ಕಲ್ಕತ್ತಗಳಿಂದ ಅಲ್ಲಿಗೆ ಹೋದವರು 1,52,184. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಿಲ್ಲೆ, ಊರು, ಮೈಮೇಲಿನ ಗುರುತು. ಈ ಪಟ್ಟಿಗಳು ಇಂದಿಗೂ ಉಳಿದಿವೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಹುಡುಕುವುದಾದರೆ ಎಚ್ಚರ ಬೇಕು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಅವರ ಬಾಯಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿತ್ತು. ಪಕ್ಕದ ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತಿಪ್ಪಯ್ಯ, ಓಬಯ್ಯ ಎಂಬ ಹೆಸರಂತೂ ಈ ಸೀಮೆಯಲ್ಲಿ ಊರೂರಿಗೂ ಉಂಟು. ಹೆಸರು ಹೊಂದಿದ ಮಾತ್ರಕ್ಕೆ ಅವನೇ ಮುತ್ತಜ್ಜ ಎನ್ನುವಂತಿಲ್ಲ. ತಂದೆಯ ಹೆಸರು, ಊರು, ಅಂದಾಜು ವಯಸ್ಸು ಮೂರೂ ತಾಳೆಯಾಗಬೇಕು. ಒಂದೇ ಸಾಕ್ಷ್ಯ ನಂಬಿ ತೀರ್ಮಾನಿಸಬಾರದೆಂಬ ವಿಜ್ಞಾನದ ನಿಯಮ ಇಲ್ಲಿಗೂ ಸಲ್ಲುತ್ತದೆ.

ಆದ್ದರಿಂದ ಮಕ್ಕಳೇ, ಹುಡುಕಾಟ ಅಜ್ಜಿಯಿಂದಲೇ ಶುರುವಾಗಲಿ. ಯಾರು ಹೋದರು, ಯಾರ ಮಗ, ಯಾವ ಬರದ ವರ್ಷ ಎಂದು ಕೇಳಿ ಬರೆದಿಡಿ. ತಂದೆ-ತಾಯಿಯರೂ ಜೊತೆಗೆ ಕೂರಲಿ. ಪಟ್ಟಿ ನಾಳೆಯೂ ಸಿಕ್ಕೀತು. ಅದರಲ್ಲಿ ಯಾರನ್ನು ಹುಡುಕಬೇಕೆಂದು ಹೇಳಬಲ್ಲವರು ಇಂದು ಮನೆಯಲ್ಲಿದ್ದಾರೆ.