ಕೇಳಿ ಕೆಟ್ಟವರಿಲ್ಲ

ಸುದ್ದಗುಂಟೆಪಾಳ್ಯದ ನಮ್ಮ ಬೀದಿಯ ರಾಯರ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ವ್ಯಾಸಂಗದ ಅಂಗವಾಗಿ ಬರ್ಲಿನ್ನಿನ ಕಂಪನಿಯೊಂದರಲ್ಲಿ ಆರು ತಿಂಗಳು ಕೆಲಸ ಕಲಿತು, ಕಳೆದ ವಾರ ರಜೆಗೆಂದು ಮನೆಗೆ ಬಂದ. ಕಂಪನಿಯೆಂದರೆ ಏಳೇ ಜನ. ಹೊಸದಾಗಿ ತಲೆಯೆತ್ತಿದ ಇಂತಹ ಪುಟ್ಟ ಸಂಸ್ಥೆಗೆ ಸ್ಟಾರ್ಟಪ್ ಎಂದು ಈಗಿನ ಹೆಸರು.

"ಏಳು ಜನರ ಅಂಗಡಿಗೆ ಸೇರಲು ಸಾಲ ಮಾಡಿ ಕಳುಹಿಸಬೇಕಾಗಿತ್ತೇ?" ಎಂದು ರಾಯರು ನೊಂದುಕೊಂಡರು. ನಾನು ನೆರೆಯ ಕೋರಮಂಗಲವನ್ನು ನೆನಪಿಸಿದೆ. 2007ರಲ್ಲಿ ಅಲ್ಲಿಯ ಮನೆಯೊಂದರಲ್ಲಿ ಇಬ್ಬರು ತರುಣರು ಪುಸ್ತಕ ಮಾರಲು ಆರಂಭಿಸಿದ ಫ್ಲಿಪ್‌ಕಾರ್ಟ್ ಇಂದು ದೇಶಕ್ಕೆಲ್ಲ ಪರಿಚಿತವಲ್ಲವೇ? ಚಿಕ್ಕದೆಂದು ಹಳಿಯಲಾಗದು.

ಹುಡುಗನ ಸಂಕಟವೇ ಬೇರೆ. ಮೊದಲ ದಿನವೇ, ಗಿರಾಕಿಗೆ ತೋರಿಸಬೇಕಾದ ಲೆಕ್ಕವೊಂದನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಹೊಣೆ ಅವನ ಪಾಲಿಗೆ ಬಂತು. ಅರ್ಥವಾಗದ ಮಾತಿಗೂ "ಆಗಲಿ" ಎಂದು ತಲೆಯಾಡಿಸಿದ. ಹಿರಿಯರನ್ನು ಮರುಪ್ರಶ್ನಿಸುವುದು ಅವಿನಯವೆಂದು ನಾವೇ ಕಲಿಸಿದ್ದೆವಷ್ಟೆ! ಮೂರನೆಯ ವಾರ ಗಿರಾಕಿಯ ಎದುರಿನಲ್ಲಿ ಲೆಕ್ಕವೆಲ್ಲ ತಲೆಕೆಳಗಾಯಿತು. ದೊಡ್ಡ ಕಚೇರಿಯಲ್ಲಾದರೆ ಒಬ್ಬನ ತಪ್ಪು ಹತ್ತು ಜನರ ನಡುವೆ ಅಡಗಿಹೋಗುತ್ತಿತ್ತು; ಇಲ್ಲಿ ಅಡಗಲು ಗೋಡೆಯೇ ಇರಲಿಲ್ಲ. ಒಡೆಯ ಗದರಲಿಲ್ಲ. "ತಿಳಿಯದಿದ್ದರೆ ಅಂದೇ ಏಕೆ ಕೇಳಲಿಲ್ಲ?" ಎಂದಷ್ಟೇ ಅಂದನಂತೆ.

"ಆ ರಾತ್ರಿ ಊಟ ಸೇರಲಿಲ್ಲ, ಮಾಮ" ಎಂದ ಹುಡುಗ. ಮರುದಿನದಿಂದ ಸಂಶಯಗಳನ್ನೆಲ್ಲ ಬರೆದಿಟ್ಟುಕೊಂಡು ಪ್ರತಿ ಬೆಳಗ್ಗೆ ಕೇಳತೊಡಗಿದ. ಕೆಲಸವೂ ಕೈಗೆ ಹತ್ತಿತು.

ಅವನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಸಂಬಳದ್ದು. ಜರ್ಮನಿಯಲ್ಲಿ 2015ರಿಂದ ಕನಿಷ್ಠ ವೇತನದ ಕಾನೂನಿದೆ. ಆದರೆ ವ್ಯಾಸಂಗಕ್ರಮವೇ ಕಡ್ಡಾಯಗೊಳಿಸಿದ ತರಬೇತಿಗೆ ಅದು ಅನ್ವಯಿಸದು. ಕೈಗೆ ಬಂದದ್ದು ಕೋಣೆಯ ಬಾಡಿಗೆಗೇ ಸರಿಹೋಯಿತು. ಉಳಿದುದಕ್ಕೆ ರಾಯರೇ ಇಲ್ಲಿಂದ ಹಣ ಕಳುಹಿಸಬೇಕಾಯಿತು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹಣದ ಮಾತೆತ್ತುವುದು ಸಂಕೋಚಪಡಬೇಕಾದ ವಿಷಯವಲ್ಲ.

ಕಡಲಾಚೆಗೆ ಹೊರಟ ಮಕ್ಕಳಿಗೆ ಉಣ್ಣೆಯ ಅಂಗಿಯನ್ನೂ ಚಟ್ನಿಪುಡಿಯನ್ನೂ ಕಟ್ಟಿಕೊಡಲು ನಾವು ಮರೆಯುವುದಿಲ್ಲ. "ನನಗೆ ತಿಳಿಯದು, ಹೇಳಿಕೊಡಿ" ಎನ್ನುವ ಧೈರ್ಯವನ್ನು ಮಾತ್ರ ಹೊರಡುವ ದಿನ ಕಟ್ಟಿಕೊಡಲಾಗದು. ಅದು ಮನೆಯಲ್ಲಿ ಬಾಲ್ಯದಿಂದಲೇ ಬೆಳೆಯಬೇಕು.

ಮಗನ ಮಾತು ಮುಗಿದ ಮೇಲೆ ರಾಯರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೆಲ್ಲಗೆ, "ಈ ಓದಿನಲ್ಲಿ ನಿನಗೆ ನಿಜವಾಗಿ ಮನಸ್ಸಿದೆಯೇನಪ್ಪ?" ಎಂದರು. ಅವರು ಆ ಪ್ರಶ್ನೆಯನ್ನು ಕೇಳಿದ್ದೂ ಅದೇ ಮೊದಲು.