ಓಡುವ ಪಂಪನ್ನು ಯಾಕೆ ಬಿಚ್ಚಬೇಕು?

ಹೊಸಪೇಟೆ, ಕಂಪ್ಲಿ ಕಡೆ ಬೇಸಿಗೆಯೆಂದರೆ ಪಂಪು ಬಿಚ್ಚುವ ಕಾಲ. ಕಾಲುವೆ ಬಂದ್, ಗದ್ದೆ ಖಾಲಿ, ಕೈಗೆ ಬಿಡುವು. ಹಂಪಿಯ ಸುತ್ತ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳ ಕೆಳಗಿನ ಗದ್ದೆಗಳಿಗೆ ಪಂಪಿನ ಹಂಗಿಲ್ಲ, ನೀರು ತಾನಾಗಿ ಹರಿಯುತ್ತದೆ. ಹೊಲ ಎತ್ತರದಲ್ಲಿದ್ದರೆ ಮಾತ್ರ ನದಿಯಿಂದ ನೀರೆತ್ತಬೇಕು. ಅಂಥ ಕಡೆ ಪಂಪ್‌ಹೌಸಿನಲ್ಲೂ, ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲೂ ಕೇಳಿಬರುವ ಮಾತು ಒಂದೇ: ‘ನೀರು ಬಿಡೋದರೊಳಗೆ ಒಂದ್ಸಲ ಬಿಚ್ಚಿ ನೋಡಿಬಿಡ್ರಿ.’

ಕಾಳಜಿಯ ಮಾತೇ, ಅನುಮಾನವಿಲ್ಲ. ಆದರೂ ಒಂದು ತಕರಾರು ಎತ್ತಲು ಅಪ್ಪಣೆ ಬೇಡುತ್ತೇನೆ. ಚೆನ್ನಾಗಿ ಓಡುತ್ತಿರುವ ಪಂಪನ್ನು ಬರೀ ಕ್ಯಾಲೆಂಡರ್ ನೋಡಿ ಬಿಚ್ಚುವುದೆಂದರೆ, ಎಷ್ಟೋ ಸಲ, ಮುಂದಿನ ರಿಪೇರಿಗೆ ಮುಹೂರ್ತ ಇಟ್ಟಂತೆ.

ಬಿಚ್ಚುವಾಗ ಏನಾಗುತ್ತದೆ ನೋಡೋಣ. ಫ್ಯೂಸ್ ತೆಗೆದು, ವಾಲ್ವ್ ಮುಚ್ಚಿ, ಕೇಸಿಂಗಿನ ನೀರು ಖಾಲಿ ಮಾಡುವವರೆಗೆ ತೊಂದರೆಯಿಲ್ಲ. ಕಪ್ಲಿಂಗ್ ಬಿಚ್ಚುವ ಮುಂಚೆ ಎರಡೂ ಭಾಗಕ್ಕೆ ಪಂಚಿನಿಂದ ಗುರುತು ಹಾಕಬೇಕು. ಮೋಟರಿನ ಕಾಲಡಿ ಇರುವ ತೆಳ್ಳನೆಯ ಶಿಮ್‌ಗಳು ಯಾವ ಕಾಲಿನವು, ಎಷ್ಟಿವೆ ಎಂದು ಬರೆದಿಡಬೇಕು. ಅವಸರದಲ್ಲಿ ಇವೆರಡೂ ತಪ್ಪುತ್ತವೆ. ಪುಲ್ಲರ್ ಸಿಗದಿದ್ದರೆ ಬೇರಿಂಗಿಗೆ ಸುತ್ತಿಗೆ ಏಟು ಬೀಳುತ್ತದೆ. ಆ ಏಟು ಗುಂಡುಗಳ ಮೂಲಕ ದಾಟಿ ಅವು ಉರುಳುವ ಹಾದಿಯಲ್ಲಿ ಕಣ್ಣಿಗೆ ಕಾಣದ ಕುಳಿ ಮಾಡುತ್ತದೆ. ಅದೇ ಬೇರಿಂಗನ್ನು ಮತ್ತೆ ಹಾಕಿದರೆ ಕೆಲವೇ ವಾರದಲ್ಲಿ ಗೊರಗುಟ್ಟತೊಡಗುತ್ತದೆ. ಹರಿದ ಗ್ಯಾಸ್ಕೆಟ್ಟಿನ ಬದಲು ಕೈಗೆ ಸಿಕ್ಕ ದಪ್ಪದ ಹಾಳೆ ಕತ್ತರಿಸಿ ಹಾಕಿದರೆ ಒಳಗಿನ ಸಂದಿಯ ಲೆಕ್ಕವೇ ಬದಲಾಗುತ್ತದೆ. ಜೋಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ಅಲೈನ್‌ಮೆಂಟ್ ನೋಡುವ ಬದಲು ಉಕ್ಕಿನ ಪಟ್ಟಿ ಇಟ್ಟು ‘ಸರಿ ಐತಿ’ ಎನ್ನುವುದೂ ಉಂಟು.

ಗ್ಲ್ಯಾಂಡಿನ ಕತೆಯಂತೂ ವರ್ಷ ವರ್ಷದ್ದು. ಹೊಸ ದಾರ ಸುತ್ತಿದವರು ಒಂದು ಹನಿಯೂ ಸೋರಬಾರದೆಂದು ನಟ್ಟು ಬಿಗಿಯುತ್ತಾರೆ. ನಿಜಕ್ಕೂ ಅಲ್ಲಿ ಹನಿ ಹನಿಯಾಗಿ ನೀರು ಸೋರಲೇಬೇಕು. ದಾರಕ್ಕೆ ತಂಪು ಕೊಡುವುದು ಆ ನೀರೇ. ಸೋರಿಕೆ ನಿಂತರೆ ದಾರ ಸುಟ್ಟು, ಶಾಫ್ಟಿನ ಸ್ಲೀವಿಗೆ ಗೀರು ಬೀಳುತ್ತದೆ.

ಎರಡನೇ ಮಹಾಯುದ್ಧದ ವೇಳೆ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ನಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಗಮನಿಸಿದ್ದೂ ಇದನ್ನೇ. ವಿಮಾನಗಳಲ್ಲಿ ಅನಿರೀಕ್ಷಿತ ದೋಷಗಳು ಹೆಚ್ಚಾಗಿ ಕಂಡದ್ದು ನಿಗದಿತ ತಪಾಸಣೆ ಮುಗಿದ ಬೆನ್ನಿಗೆ. ಹಾರಾಟದ ಗಂಟೆಗಳು ಕಳೆದಂತೆ ಅವು ಕಡಿಮೆಯಾಗುತ್ತಿದ್ದವು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಕೊಟ್ಟ ವರದಿಯ ಪ್ರಕಾರ, ವಯಸ್ಸಾದಂತೆ ಕೆಡುವ ಲಕ್ಷಣ ಕಂಡದ್ದು ವಿಮಾನದ ಶೇ. 11ರಷ್ಟು ಭಾಗಗಳಲ್ಲಿ ಮಾತ್ರ.

ಅಷ್ಟು ದೂರ ಹೋಗುವುದೂ ಬೇಡ. ‘ಸುಮ್ಮನೆ ಒಂದ್ಸಲ ನೋಡೋಣ’ ಎಂದು ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರನ್ನು ಮೇಲೆತ್ತಿಸಿದ ರೈತರುಂಟೇ? ಸ್ಟಾರ್ಟರ್ ಡಬ್ಬಿಯ ಆಂಪಿಯರ್ ಮುಳ್ಳು ಏರಿತೇ, ನೀರಿನ ಧಾರೆ ಸಣ್ಣದಾಯಿತೇ ಎಂದು ನೋಡಿ ಅವರು ತೀರ್ಮಾನಕ್ಕೆ ಬರುತ್ತಾರೆ. ಎತ್ತಿಸುವ ಖರ್ಚಿಗೆ ಹೆದರಿ ಕಲಿತ ಈ ಜಾಣತನ ನೆಲದ ಮೇಲಿನ ದೊಡ್ಡ ಪಂಪಿಗೂ ಸಲ್ಲುತ್ತದೆ.

ಇಲ್ಲಿ ಓದುಗರು ತುಂಗಭದ್ರಾ ಜಲಾಶಯವನ್ನು ನೆನಪಿಸಿದರೆ ನ್ಯಾಯವೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ, ಗೇಟು ಕೊಚ್ಚಿಹೋಯಿತು. ‘ನಡೆಯುತ್ತಿದೆಯಲ್ಲ, ಮುಟ್ಟಬೇಡಿ’ ಎಂಬ ಧೋರಣೆ ಅಲ್ಲಿ ಸಲ್ಲದು, ಒಪ್ಪುತ್ತೇನೆ. ಆದರೆ ಗೇಟಿನ ಚೈನು ಸದಾ ಭಾರ ಹೊತ್ತು ಸುಮ್ಮನೆ ನಿಂತಿರುತ್ತದೆ. ಒಳಗೆ ಸವೆದರೂ ಮೀಟರಿನ ಮುಳ್ಳು ಅಲುಗುವುದಿಲ್ಲ. ಅಂಥದ್ದನ್ನು ಕಾಲಕಾಲಕ್ಕೆ ಹತ್ತಿರ ಹೋಗಿ ಪರೀಕ್ಷಿಸದೆ ಗತ್ಯಂತರವಿಲ್ಲ. ಪಂಪು ಹಾಗಲ್ಲ. ಒತ್ತಡ, ಕರೆಂಟು, ಬಿಸಿ, ನಡುಕ, ಸದ್ದು ಎಂದು ದಿನವೂ ತನ್ನ ಆರೋಗ್ಯದ ವರದಿ ಕೊಡುತ್ತಲೇ ಇರುತ್ತದೆ.

ಸಂಡೂರಿನ ಗಣಿ ಸೀಮೆಯಲ್ಲಿ ಅದಿರಿನ ಪುಡಿ ಬೆರೆತ ನೀರೆತ್ತುವ ಸ್ಲರಿ ಪಂಪಿನ ವಿಷಯವೂ ಬೇರೆ. ಅಲ್ಲಿ ಇಂಪೆಲ್ಲರ್, ಲೈನರ್ ಸವೆಯುವುದು ಖಚಿತ. ಎಷ್ಟು ಗಂಟೆ ಓಡಿದರೆ ಎಷ್ಟು ಸವೆಯುತ್ತದೆಂಬ ಅಂದಾಜು ಅನುಭವದಿಂದ ಸಿಕ್ಕಿರುತ್ತದೆ. ಅವನ್ನು ಗಂಟೆ ಲೆಕ್ಕದಲ್ಲಿ ಬಿಚ್ಚುವುದೇ ಸರಿ. ತಿಳಿನೀರಿನ ಪಂಪಿಗೂ ಅದೇ ನಿಯಮ ಹೇರಿದರೆ ಮಾತ್ರ ನನ್ನ ತಕರಾರು.

ಹಾಗೆಂದು ಪಂಪನ್ನು ದೇವರ ಪಾಲಿಗೆ ಬಿಡಿ ಎನ್ನುತ್ತಿಲ್ಲ. ಗ್ರೀಸು, ಎಣ್ಣೆ, ಫುಟ್‌ವಾಲ್ವಿನ ಕಸ, ಅಡಿಪಾಯದ ಬೋಲ್ಟು, ಇವಕ್ಕೆ ಪಂಪು ಬಿಚ್ಚಬೇಕಿಲ್ಲ, ಇವನ್ನು ತಪ್ಪಿಸಲೂ ಬಾರದು. ವಾರಕ್ಕೊಮ್ಮೆ ಪ್ರೆಶರ್ ಗೇಜ್, ಆಂಪಿಯರ್, ಬೇರಿಂಗಿನ ಬಿಸಿ ಬರೆದಿಡಲು ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಒತ್ತಡ ತಿಂಗಳಿಂದ ತಿಂಗಳಿಗೆ ಇಳಿದರೆ, ಬೇರಿಂಗಿನ ಸದ್ದು ಬದಲಾದರೆ ಬಿಚ್ಚಿರಿ. ಆಗ ಯಾವ ಭಾಗ ಹುಡುಕಬೇಕು, ಯಾವ ಬೇರಿಂಗ್ ಮೊದಲೇ ತರಿಸಿಡಬೇಕು ಎಂಬುದೂ ಗೊತ್ತಿರುತ್ತದೆ.

ವರ್ಷಕ್ಕೊಮ್ಮೆ ಬಿಚ್ಚಲೇಬೇಕೆಂದು ಪಟ್ಟು ಹಿಡಿಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬಿಚ್ಚುವ ಮುಂಚಿನ ಅಂಕಿಗಳನ್ನೂ, ಜೋಡಿಸಿ ಒಂದು ತಿಂಗಳು ಓಡಿಸಿದ ಮೇಲಿನ ಅಂಕಿಗಳನ್ನೂ ಅಕ್ಕಪಕ್ಕ ಬರೆಯಿರಿ. ಸುಧಾರಣೆ ಕಂಡರೆ ನಿಮ್ಮ ಪದ್ಧತಿ ಗೆದ್ದಿತು. ಕಾಣದಿದ್ದರೆ ಮುಂದಿನ ಬೇಸಿಗೆಯಲ್ಲಿ ಆ ದುಡ್ಡಿಗೆ ಒಂದು ಒಳ್ಳೆಯ ಬೇರಿಂಗ್ ಪುಲ್ಲರ್ ಕೊಳ್ಳಿ.